ಬಯಲಿಗೆ ಬಂದ ಆರ್ಕೆಸ್ಟ್ರಾ

ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದು ಒಬ್ಬ ಬ್ಯಾಂಕರರ ಹಟದಿಂದ. ಹೆನ್ರಿ ಲೀ ಹಿಗಿನ್ಸನ್ ಹರೆಯದಲ್ಲಿ ಸಂಗೀತ ಕಲಿಯಲೆಂದು ವಿಯೆನ್ನಾಕ್ಕೆ ಹೋದವರು. ಕೈಯ ತೊಂದರೆಯಿಂದ ಆ ಆಸೆ ಅಲ್ಲಿಗೇ ನಿಂತಿತು. ಊರಿಗೆ ಮರಳಿ ಅಂತರ್ಯುದ್ಧದಲ್ಲಿ ಕಾದಿದರು, ಆಮೇಲೆ ಮನೆತನದ ಬ್ಯಾಂಕು ಸೇರಿ ಹಣ ಮಾಡಿದರು. 1881ರಲ್ಲಿ ಸ್ವಂತ ಖರ್ಚಿನಿಂದ ಆರ್ಕೆಸ್ಟ್ರಾ ಕಟ್ಟಿದಾಗ, ಸಾಮಾನ್ಯರಿಗೂ ಎಟಕುವ ಬೆಲೆಗೆ ಒಳ್ಳೆಯ ಸಂಗೀತ ಸಿಗಬೇಕೆಂದು ಪತ್ರಿಕೆಯಲ್ಲೇ ಪ್ರಕಟಣೆ ಕೊಟ್ಟರು. ರಿಹರ್ಸಲ್ ಕೇಳಲು 25 ಸೆಂಟ್ ಸಾಕಿತ್ತು. ವರ್ಷ ವರ್ಷವೂ ಬಿದ್ದ ನಷ್ಟವನ್ನು 1918ರವರೆಗೆ ತಮ್ಮ ಜೇಬಿನಿಂದಲೇ ತುಂಬಿಕೊಟ್ಟರು.

ಮೈಸೂರಿನಲ್ಲಿ ಬೆಳೆದ ನನಗೆ ಈ ಬಗೆಯ ಪೋಷಕರು ಅಪರಿಚಿತರಲ್ಲ. ನಮ್ಮಲ್ಲಿ ಆ ಜಾಗದಲ್ಲಿ ಅರಮನೆ ಇತ್ತು. ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡನ್ನೂ ಸಾಕಿದ ಅರಮನೆ. ಜಯಚಾಮರಾಜ ಒಡೆಯರಂತೂ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ರಷ್ಯದ ಸಂಗೀತ ರಚನೆಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಇಂಥ ಹಣದಿಂದ ಕಲಾವಿದ ಬದುಕುತ್ತಾನೆ, ಕೃತಿ ಉಳಿಯುತ್ತದೆ. ಆದರೆ ಗಿರಣಿಯಲ್ಲಿ ದುಡಿದು ಬಂದ ಹೆಂಗಸು ತನ್ನ ಮಕ್ಕಳನ್ನು ಕರೆದುಕೊಂಡು ಬಂದು ಕೂತು ಕೇಳುವುದಕ್ಕೆ ಅಷ್ಟೇ ಸಾಲದು. ಅದಕ್ಕೆ ಬೇರೆಯೇ ಮನುಷ್ಯ ಬೇಕು. ಬಾಸ್ಟನ್ನಿನಲ್ಲಿ ಆ ಮನುಷ್ಯ ಆರ್ಕೆಸ್ಟ್ರಾದ ಒಳಗೇ ಕೂತಿದ್ದ, ವಯೋಲಾ ಹಿಡಿದುಕೊಂಡು.

ಆರ್ಥರ್ ಫೀಡ್ಲರ್ ಹುಟ್ಟಿದ್ದು 1894ರಲ್ಲಿ, ಬಾಸ್ಟನ್ನಿನಲ್ಲೇ. ತಂದೆ ಇಮ್ಯಾನ್ಯುಯೆಲ್ ಆಸ್ಟ್ರಿಯಾದಿಂದ ವಲಸೆ ಬಂದ ಪಿಟೀಲುಗಾರ. ಇದೇ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಮಗ ಬರ್ಲಿನ್ನಿನಲ್ಲಿ ಓದಿದ. ಮೊದಲ ಮಹಾಯುದ್ಧ ಶುರುವಾದಾಗ ಹಿಂದಿರುಗಿ, 1915ರಲ್ಲಿ ತಂದೆಯ ಆರ್ಕೆಸ್ಟ್ರಾವನ್ನೇ ಸೇರಿದ. ಆಗ ಅದರ ನಿರ್ದೇಶಕರು ಜರ್ಮನಿಯ ಕಾರ್ಲ್ ಮುಕ್. ಮೂರು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದಲ್ಲಿ ಜರ್ಮನ್ ಎಂಬುದೆಲ್ಲದರ ಮೇಲೆ ದ್ವೇಷ ಹಬ್ಬಿತ್ತು. 1918ರ ಮಾರ್ಚ್‌ನಲ್ಲಿ ಮುಕ್ ಅವರನ್ನು ಬಂಧಿಸಿ, ಜಾರ್ಜಿಯಾ ರಾಜ್ಯದ ಸೆರೆಶಿಬಿರದಲ್ಲಿಟ್ಟರು. ರಾಷ್ಟ್ರಗೀತೆ ನುಡಿಸಲು ಒಪ್ಪಲಿಲ್ಲ ಎಂಬ ಪುಕಾರು ಆ ಗದ್ದಲದ ನಡುವೆ ಇತ್ತು. ಯುವಕ ಫೀಡ್ಲರ್ ಇದನ್ನೆಲ್ಲ ಅದೇ ವೇದಿಕೆಯ ಮೇಲೆ ಕೂತು ಕಂಡವರು. ಹನ್ನೊಂದು ವರ್ಷದ ಮೇಲೆ ಅವರು ತಮ್ಮ ಮೊದಲ ಬಯಲು ಕಚೇರಿಗೆ ಆರಿಸಿಕೊಂಡ ದಿನ ಅಮೆರಿಕದ ಸ್ವಾತಂತ್ರ್ಯ ದಿನ. ಈ ಎರಡು ಸಂಗತಿಗಳಿಗೆ ನಂಟಿದೆ ಎಂದು ನಾನು ನಂಬುತ್ತೇನೆ. ಹೊರಗಿನವರೆಂದು ಅನುಮಾನಕ್ಕೆ ಒಳಗಾದ ವಾದ್ಯಗಾರರು ಊರಿನ ಎಲ್ಲರ ಮುಂದೆ ಬಂದು ಕೂತು, ನಾವು ನಿಮ್ಮವರು ಎಂದು ನುಡಿಸಿ ಹೇಳಿದ ದಿನ ಅದು.

ಇನ್ನೊಂದು ಕಾರಣ ಹೊಟ್ಟೆಯದು. ಚಳಿಗಾಲದ ಸೀಸನ್ನು, ಅದಾದ ಮೇಲೆ ಹಗುರ ಸಂಗೀತದ ‘ಪಾಪ್ಸ್’ ಕಚೇರಿಗಳು. ಪಾಪ್ಸ್ 1885ರಿಂದಲೇ ನಡೆದುಕೊಂಡು ಬಂದಿತ್ತು. ಅದೂ ಮುಗಿದರೆ ಬೇಸಿಗೆಯಲ್ಲಿ ವಾದಕರಿಗೆ ಕೆಲಸವಿಲ್ಲ, ಸಂಬಳವೂ ಇಲ್ಲ. ಫೀಡ್ಲರ್ 1924ರಲ್ಲೇ ಜೊತೆಗಾರರನ್ನು ಕಟ್ಟಿಕೊಂಡು ಚಿಕ್ಕ ವಾದ್ಯವೃಂದವೊಂದನ್ನು ನಡೆಸುತ್ತಿದ್ದರು. ಪಾಪ್ಸ್ ನಿರ್ದೇಶನದ ಹುದ್ದೆ 1927ರಲ್ಲಿ ಫೀಡ್ಲರ್ ಅವರಿಗೆ ಸಿಗದೆ ಇಟಲಿಯ ಆಲ್ಫ್ರೆಡೊ ಕಸೆಲ್ಲಾ ಅವರಿಗೆ ಹೋಯಿತು. ಫೀಡ್ಲರ್ ಹಣವಂತರ ಮನೆಬಾಗಿಲು ಹತ್ತಿಳಿಯತೊಡಗಿದರು. ಅವರು ಕೇಳುತ್ತಿದ್ದುದು ತಮ್ಮ ಹುದ್ದೆಗಲ್ಲ, ನದಿ ದಂಡೆಯಲ್ಲಿ ನಡೆಸಬೇಕಾದ ಉಚಿತ ಕಚೇರಿಗಳಿಗೆ. ಕೇಳುಗ ಕಾಸು ಕೊಡಬಾರದು, ನುಡಿಸುವವನಿಗೆ ಕೂಲಿ ತಪ್ಪಬಾರದು. ಈ ಎರಡನ್ನೂ ಒಟ್ಟಿಗೆ ಹಿಡಿದದ್ದೇ ಅವರ ದೊಡ್ಡತನ. ನಾನು ಮಕ್ಕಳಿಗೆ ಪಿಟೀಲು ಹೇಳಿಕೊಟ್ಟು ಬದುಕಿದವಳು. ‘ಸೇವೆ’ ಎಂದು ಕರೆಸಿಕೊಂಡು ಬರಿಗೈಯಲ್ಲಿ ಕಳಿಸುವ ಕಾರ್ಯಕ್ರಮಗಳು ನನಗೂ ಗೊತ್ತು. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಜಾಗದ ಕತೆಯನ್ನೂ ಹೇಳಬೇಕು. ಚಾರ್ಲ್ಸ್ ನದಿ ಬಾಸ್ಟನ್ನಿನ ಬಳಿ ಸಮುದ್ರ ಸೇರುತ್ತದೆ. ಒಂದು ಕಾಲಕ್ಕೆ ಅಲೆಯ ಏರಿಳಿತ ನದಿಯೊಳಕ್ಕೂ ನುಗ್ಗುತ್ತಿತ್ತು. ನೀರು ಇಳಿದಾಗ ಎರಡೂ ಕಡೆ ಕೆಸರು, ಊರಿನ ಕೊಳಚೆ, ತಡೆಯಲಾರದ ನಾತ. 1910ರಲ್ಲಿ ಅಣೆಕಟ್ಟು ಕಟ್ಟಿ ಸಮುದ್ರದ ನೀರನ್ನು ಹೊರಗಿಟ್ಟ ಮೇಲೆ ಕೆರೆಯ ಹಾಗೆ ನಿಂತ ಸಿಹಿನೀರು ಬಂತು, ಈಗ ‘ಎಸ್ಪ್ಲನೇಡ್’ ಎಂದು ಕರೆಯುವ ದಂಡೆಯೂ ಬಂತು. ಆದರೆ ಅದು ಸಪೂರ ಬೋಳು ಪಟ್ಟಿ. ಅಣೆಕಟ್ಟಿಗಾಗಿ ಹೋರಾಡಿದ್ದ ಜೇಮ್ಸ್ ಸ್ಟಾರೊ ಅವರ ಹೆಂಡತಿ ಹೆಲೆನ್, ಗಂಡ ತೀರಿಕೊಂಡ ಮೇಲೆ, 10 ಲಕ್ಷ ಡಾಲರ್ ಕೊಟ್ಟು ಅದನ್ನು ನಿಜವಾದ ಉದ್ಯಾನವಾಗಿಸಲು ಹೊರಟರು. ದಂಡೆಯುದ್ದಕ್ಕೂ ಹೆದ್ದಾರಿ ಹಾಕುವ ಯೋಜನೆಯನ್ನು ಆಕೆ ಕಡೆಯವರೆಗೂ ವಿರೋಧಿಸಿದರು. ಆಕೆ 1944ರಲ್ಲಿ ತೀರಿಕೊಂಡರು. 1951ರ ಹೊತ್ತಿಗೆ ಹೆದ್ದಾರಿ ಬಂದೇಬಿಟ್ಟಿತು, ಊರಿಗೂ ಉದ್ಯಾನಕ್ಕೂ ನಡುವೆ. ಅದಕ್ಕಿಟ್ಟ ಹೆಸರು ಸ್ಟಾರೊ ಡ್ರೈವ್. ಆಕೆ ಬೇಡವೆಂದ ರಸ್ತೆಗೆ ಆಕೆಯ ಗಂಡನದೇ ಹೆಸರು. ಇದು ಈ ಊರು ಆ ಹೆಂಗಸಿಗೆ ಮಾಡಿದ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ. ಆ ರಸ್ತೆಯನ್ನು ದಾಟುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

1929ರ ಜುಲೈ 4ರ ಸಂಜೆ ಈ ದಂಡೆಯ ಮೇಲೆ, ತರಾತುರಿಯಲ್ಲಿ ನಿಲ್ಲಿಸಿದ ಮರದ ಅರೆಗುಮ್ಮಟದ ಕೆಳಗೆ, ಸಿಂಫನಿಯ ವಾದಕರನ್ನು ಕೂಡಿಸಿಕೊಂಡು ಫೀಡ್ಲರ್ ಕೋಲು ಎತ್ತಿದರು. ಆ ಬೇಸಿಗೆಯ ಸಂಜೆಗಳಲ್ಲಿ ಕಚೇರಿ ಮುಂದುವರಿಯಿತು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ನೋಡನೋಡುತ್ತಲೇ ದೇಶಕ್ಕೆ ದೇಶವೇ ಕೆಲಸ ಕಳೆದುಕೊಂಡಿತು. ಮುಂದಿನ ವರ್ಷ ಕಚೇರಿ ನಿಂತುಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ. ನಿಲ್ಲಲಿಲ್ಲ. 1930ರಲ್ಲಿ ಪಾಪ್ಸ್ ಹೊಣೆಯೂ ಫೀಡ್ಲರ್ ಅವರಿಗೇ ಬಂತು. ಅಮೆರಿಕದಲ್ಲೇ ಹುಟ್ಟಿದವರೊಬ್ಬರಿಗೆ ಆ ಹುದ್ದೆ ಸಿಕ್ಕಿದ್ದು ಅದೇ ಮೊದಲು. ತೀರಿಕೊಳ್ಳುವವರೆಗೆ, ಅಂದರೆ 1979ರ ಜುಲೈ 10ರವರೆಗೆ, ಅವರು ಅದನ್ನು ಬಿಡಲಿಲ್ಲ.

ನಾನು ಮದುವೆಯಾಗಿ ಬಾಸ್ಟನ್ನಿಗೆ ಬಂದಾಗ ಫೀಡ್ಲರ್ ಇರಲಿಲ್ಲ. ಅವರ ವಿಷಯ ನನಗೆ ಮೊದಲು ಹೇಳಿದವರು ನಾವು ಸೊಮರ್‌ವಿಲ್‌ನಲ್ಲಿ ಬಾಡಿಗೆಗಿದ್ದ ಮನೆಯ ಒಡತಿ, ಇಟಲಿ ಮೂಲದ ಮುದುಕಿ. ಆಕೆ ಬೆಳೆದದ್ದು ನಾರ್ತ್ ಎಂಡ್‌ನಲ್ಲಿ. ತಂದೆಗೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ. 1930ರ ನಂತರ ಆ ಕೆಲಸವೂ ವಾರಕ್ಕೆ ಒಂದೆರಡು ದಿನ ಮಾತ್ರ. ಬೇಸಿಗೆಯ ಸಂಜೆ ಒಂದೇ ಕೋಣೆಯ ಮನೆಯಲ್ಲಿ ಬೇಯಲಾರದೆ ತಾಯಿ ಮಕ್ಕಳನ್ನು ನಡೆಸಿಕೊಂಡೇ ನದಿಗೆ ಬರುತ್ತಿದ್ದಳಂತೆ, ಒಂದು ಬ್ರೆಡ್ಡು ಕಟ್ಟಿಕೊಂಡು. ತಾಯಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ವೆರ್ಡಿಯ ಒಪೆರಾದ ಒಂದು ತುಣುಕು ಶುರುವಾದದ್ದೇ ಸುತ್ತ ಕೂತಿದ್ದ ಇಟಲಿಯವರೆಲ್ಲ ದನಿಗೂಡಿಸುತ್ತಿದ್ದರಂತೆ. ಆ ತಾಯಿ ಸಿಂಫನಿ ಹಾಲಿನ ಒಳಗೆ ಸಾಯುವವರೆಗೂ ಕಾಲಿಡಲಿಲ್ಲ. ‘ನಮ್ಮಮ್ಮನಿಗೆ ಸಿಂಫನಿ ಅಂದರೆ ಹುಲ್ಲು’ ಎಂದು ಒಡತಿ ಹೇಳುತ್ತಿದ್ದಳು. ಸಿಂಫನಿ ಹಾಲ್ 1900ರಲ್ಲಿ ತೆರೆದದ್ದು. ಧ್ವನಿಶಾಸ್ತ್ರದ ಲೆಕ್ಕ ಹಾಕಿ ಕಟ್ಟಿದ ಮೊದಲ ಸಭಾಂಗಣಗಳಲ್ಲಿ ಒಂದು. ಆ ನಾದ ಕೇಳಲು ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅದು ಆ ತಾಯಿಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇತ್ತು. ಅಗ್ಗದ ಸೀಟು ಇದ್ದರೂ ಬಟ್ಟೆಯದೊಂದು ಅಂಜಿಕೆ, ಬಾಗಿಲಲ್ಲಿ ನಿಂತವನ ನೋಟದ ಅಂಜಿಕೆ. ನದಿ ದಂಡೆಗೆ ಬಾಗಿಲಿರಲಿಲ್ಲ.

ಬಯಲಲ್ಲಿ ನುಡಿಸುವುದು ಸುಲಭವಲ್ಲ. ಗೋಡೆಯಿಲ್ಲದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಿತ್ತಾಳೆಯ ವಾದ್ಯಗಳು ಹೇಗೋ ಮುಟ್ಟುತ್ತವೆ. ಪಿಟೀಲಿನ ಮೆಲುದನಿ ಮೂರನೇ ಸಾಲಿನ ಹೊತ್ತಿಗೆ ಗಾಳಿಪಾಲು. ಅದಕ್ಕೇ ಹಿಂದೆ ಒಂದು ಅರೆಗುಮ್ಮಟ ಬೇಕು. ಹಿಂದಕ್ಕೂ ಮೇಲಕ್ಕೂ ಹೋಗಿ ಕಳೆದುಹೋಗುವ ನಾದವನ್ನು ಅದು ಮುಂದಕ್ಕೆ ತಿರುಗಿಸಿ ಕಳಿಸುತ್ತದೆ. ತೇವಕ್ಕೆ ಶ್ರುತಿ ಕೂರುವುದಿಲ್ಲ. ನದಿಯ ಗಾಳಿಗೆ ಸ್ವರದ ಹಾಳೆಗಳು ಹಾರುತ್ತವೆಂದು ವಾದಕರು ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಾರೆ. ಸೊಳ್ಳೆ ಬೇರೆ. ಬಿಲ್ಲು ಹಿಡಿದ ಕೈಯಿಂದ ಸೊಳ್ಳೆ ಹೊಡೆಯುವಂತಿಲ್ಲ. ಮೈಸೂರಿನ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಬೀದಿಗೆ ಬೀದಿಯೇ ಕೂತು ಕಚೇರಿ ಕೇಳುವುದನ್ನು ನೋಡಿ ಬೆಳೆದ ನನಗೆ ಈ ಕಷ್ಟಗಳು ಬೇಗ ಅರ್ಥವಾದವು. ಅಲ್ಲಿ ಮೈಕು ಕಾಪಾಡುತ್ತದೆ. ಇಲ್ಲಿ ಮೊದಮೊದಲು ನೆಚ್ಚಿಕೊಳ್ಳಬೇಕಾಗಿದ್ದದ್ದು ಬೆನ್ನ ಹಿಂದಿನ ಹಲಗೆಗಳನ್ನು.

ಮರದ ಗುಮ್ಮಟ ಬಹಳ ಕಾಲ ಬಾಳಲಿಲ್ಲ. 1934ರಲ್ಲಿ ಲೋಹದ್ದು ಬಂತು. ಈಗಿರುವ ಹ್ಯಾಚ್ ಶೆಲ್ ಮೂರನೆಯದು. ಮರಿಯಾ ಹ್ಯಾಚ್ ಎಂಬ ಹೆಂಗಸು 1926ರಲ್ಲಿ ಸಾಯುವಾಗ ತನ್ನ ಸಹೋದರ ಎಡ್ವರ್ಡ್‌ನ ನೆನಪಿಗೊಂದು ಸ್ಮಾರಕ ಆಗಲಿ ಎಂದು ಉಯಿಲಿನಲ್ಲಿ ಹಣ ಬಿಟ್ಟಿದ್ದಳು. ಆ ಹಣಕ್ಕೊಂದು ರೂಪ ಬರಲು ಹದಿನಾಲ್ಕು ವರ್ಷ ಹಿಡಿಯಿತು. ವಾಸ್ತುಶಿಲ್ಪಿ ರಿಚರ್ಡ್ ಶಾ ಕಟ್ಟಿದ ಅರೆಗುಮ್ಮಟವನ್ನು 1940ರ ಜುಲೈ 2ರಂದು ಜನರಿಗೆ ಒಪ್ಪಿಸಿದರು. ವೇದಿಕೆಯ ಸುತ್ತ ಬಾಕ್, ಬೀಥೋವನ್ ಮೊದಲಾದವರ ಹೆಸರುಗಳನ್ನು ಕಂಚಿನ ಅಕ್ಷರಗಳಲ್ಲಿ ಕೂರಿಸಿದ್ದಾರೆ. ಹೆಲೆನ್ ಸ್ಟಾರೊ, ಮರಿಯಾ ಹ್ಯಾಚ್. ಈ ಬಯಲಿನ ಸಂಗೀತದ ಕೆಳಗೆ ಇಬ್ಬರು ಹೆಂಗಸರ ಹಣವಿದೆ. ಒಬ್ಬಾಕೆ ಗಂಡನ ನೆನಪಿಗೆ ಕೊಟ್ಟಳು, ಇನ್ನೊಬ್ಬಾಕೆ ಸಹೋದರನ ನೆನಪಿಗೆ. ಕೊಟ್ಟವರ ಹೆಸರು ಕೇಳಿದರೆ ಇಂದು ಆ ಹುಲ್ಲಿನ ಮೇಲೆ ಕೂತವರಲ್ಲಿ ಹೇಳುವವರು ಕಡಿಮೆ.

ಫೀಡ್ಲರ್ ಏನು ನುಡಿಸುತ್ತಿದ್ದರು ಎಂಬುದೂ ಮುಖ್ಯ. ನಮ್ಮ ಕಚೇರಿಯಲ್ಲಿ ವರ್ಣ, ಕೃತಿ, ರಾಗ ತಾನ ಪಲ್ಲವಿಯ ಭಾರವೆಲ್ಲ ಮುಗಿದ ಮೇಲೆ ತುಕ್ಕಡ ಬರುತ್ತದಲ್ಲ. ಜಾವಳಿ, ದೇವರನಾಮ, ತಿಲ್ಲಾನ. ಫೀಡ್ಲರ್ ಕಾರ್ಯಕ್ರಮದಲ್ಲಿ ಆ ತುಕ್ಕಡಕ್ಕೆ ಮುಖ್ಯ ಕೃತಿಯ ಪಕ್ಕದಲ್ಲೇ ಸಮನಾದ ಆಸನ. ಸ್ಟ್ರಾಸ್‌ನ ವಾಲ್ಟ್ಸ್, ಸೂಸನ ಪೆರೇಡ್ ಸಂಗೀತ, ಸಿನಿಮಾ ಹಾಡು, ಅದೇ ಸಂಜೆ ಚೈಕೋವ್ಸ್ಕಿ. ಪಕ್ಕದ ಕೇಂಬ್ರಿಜ್‌ನ ಹುಡುಗ, ಸ್ವೀಡನ್ನಿನಿಂದ ವಲಸೆ ಬಂದವರ ಮಗ ಲಿರಾಯ್ ಆಂಡರ್ಸನ್ ಅವರನ್ನು ಗುರುತಿಸಿ ಬೆಳೆಸಿದವರು ಇದೇ ಫೀಡ್ಲರ್. ಟೈಪ್‌ರೈಟರನ್ನೇ ವಾದ್ಯವಾಗಿಸಿ ಆಂಡರ್ಸನ್ 1950ರಲ್ಲಿ ಬರೆದ ಕೃತಿಗೆ ನನ್ನ ಶಿಷ್ಯರೆಲ್ಲ ಬಿದ್ದು ಬಿದ್ದು ನಗುತ್ತಾರೆ; ಆಮೇಲೆ ಅದರ ಲಯ ಎಷ್ಟು ಕರಾರುವಾಕ್ಕು ಎಂದು ತಾಳ ಹಾಕಿ ನೋಡುತ್ತಾರೆ. ಗಂಭೀರ ವಿಮರ್ಶಕರಿಗೆ ಫೀಡ್ಲರ್ ಹಗುರದ ಮನುಷ್ಯ. ನಾನು ಆ ಮಾತನ್ನು ಒಪ್ಪುವುದಿಲ್ಲ. ಎಂದೂ ಆರ್ಕೆಸ್ಟ್ರಾ ಕೇಳದವರ ಮುಂದೆ ವಾಲ್ಟ್ಸನ್ನು ಅಚ್ಚುಕಟ್ಟಾಗಿ, ಒಂದು ಸ್ವರವನ್ನೂ ಉಡಾಫೆ ಮಾಡದೆ ನುಡಿಸುವುದು ಸಂಗೀತಕ್ಕೆ ತೋರುವ ದೊಡ್ಡ ಮರ್ಯಾದೆ.

ಹೆದ್ದಾರಿ ಬಂದ ಮೇಲೆ ಕಚೇರಿಗೆ ಹೋಗುವ ಜನ ಅದನ್ನು ದಾಟಬೇಕಾಯಿತು. ಆರ್ಲಿಂಗ್‌ಟನ್ ಬೀದಿಯ ತುದಿಯಲ್ಲಿ ಕಾಲುಸೇತುವೆ ಕಟ್ಟಿ, ಬಯಲು ಕಚೇರಿಗಳ ಇಪ್ಪತ್ತೈದನೆಯ ವರ್ಷದ ಗುರುತಿಗೆ ಫೀಡ್ಲರ್ ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ, 1984ರಲ್ಲಿ, ದಂಡೆಯ ಮೇಲೆ ಅವರ ತಲೆಯ ದೊಡ್ಡದೊಂದು ಶಿಲ್ಪ ನಿಂತಿತು. ರಾಲ್ಫ್ ಹೆಲ್ಮಿಕ್ ಮಾಡಿದ್ದು. ಅಲ್ಯುಮಿನಿಯಂ ತಗಡುಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಹತ್ತಿರ ನಿಂತರೆ ಬರೀ ತಗಡು. ದೂರ ಸರಿದರೆ ಮುಖ ಮೂಡುತ್ತದೆ.

ಇನ್ನು 1974. ಆ ವರ್ಷಗಳಲ್ಲಿ ಬಯಲು ಕಚೇರಿಗೆ ಬರುವ ಜನ ಕಡಿಮೆಯಾಗುತ್ತಿದ್ದರು. ಡೇವಿಡ್ ಮ್ಯೂಗರ್ ಎಂಬ ಉದ್ಯಮಿ ಫೀಡ್ಲರ್‌ಗೆ ಒಂದು ಸಲಹೆ ಕೊಟ್ಟರು: ಜುಲೈ 4ರಂದು ಚೈಕೋವ್ಸ್ಕಿಯ ‘1812’ ನುಡಿಸಿ, ನಿಜವಾದ ಫಿರಂಗಿ ಹಾರಿಸೋಣ, ಚರ್ಚಿನ ಗಂಟೆ ಬಾರಿಸೋಣ, ಕೊನೆಗೆ ಬಾಣಬಿರುಸು. ನೆಪೋಲಿಯನ್ ರಷ್ಯದಿಂದ ಸೋತು ಹಿಂದಿರುಗಿದ್ದಕ್ಕೆ ಬರೆದ ಸಂಗೀತ ಅದು. ಅಮೆರಿಕದ ಸ್ವಾತಂತ್ರ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಜನ ಅದನ್ನು ತಮ್ಮದು ಮಾಡಿಕೊಂಡುಬಿಟ್ಟರು. ದೇಶದ ಇನ್ನೂರನೆಯ ಹುಟ್ಟುಹಬ್ಬದ ದಿನ, 1976ರ ಜುಲೈ 4ರಂದು, ದಂಡೆಯಲ್ಲಿ ಸೇರಿದವರು 4 ಲಕ್ಷ ಎಂದು ಅಂದಾಜಾಗಿ, ಶಾಸ್ತ್ರೀಯ ಸಂಗೀತದ ಕಚೇರಿಯೊಂದಕ್ಕೆ ಕೂಡಿದ ಅತಿ ದೊಡ್ಡ ಸಭೆ ಎಂದು ಗಿನ್ನೆಸ್ ಪುಸ್ತಕ ಸೇರಿತು. ಮುಂದೆ ರಾಷ್ಟ್ರೀಯ ಟಿವಿಯೂ ಬಂತು. ನಮ್ಮ ಕನ್ನಡ ಬಳಗದವರೂ ಬೆಳಿಗ್ಗೆಯೇ ಹೋಗಿ ಜಮಖಾನ ಹಾಸಿ ಜಾಗ ಹಿಡಿಯುತ್ತಿದ್ದೆವು, ಪುಳಿಯೋಗರೆ, ಮೊಸರನ್ನದ ಡಬ್ಬಿಗಳ ಜೊತೆ.

ಆ ಹಬ್ಬ ನನಗೂ ಇಷ್ಟ. ಮೈಸೂರಿನವಳಿಗೆ ಜಂಬೂಸವಾರಿಯ ಜನಜಂಗುಳಿ ಬೇಡವೆನಿಸೀತೆ? ಆದರೂ ಒಂದು ಮಾತು ಹೇಳಲೇಬೇಕು. ಬಾಸ್ಟನ್ನಿನ ಉಚಿತ ಸಂಗೀತ ಎಂದರೆ ಜುಲೈ 4 ಎಂದು ಎಲ್ಲರ ಮನಸ್ಸಿನಲ್ಲಿ ನಿಂತುಹೋದದ್ದರಿಂದ ಫೀಡ್ಲರ್ ಶುರುಮಾಡಿದ್ದು ಮರೆತುಹೋಗಿದೆ. ಅವರ ಪದ್ಧತಿಯ ಜೀವ ಇದ್ದದ್ದು ಬಾಣಬಿರುಸಿಲ್ಲದ ಸಾದಾ ಸಂಜೆಗಳಲ್ಲಿ. ಇವತ್ತು ಬಂದವರು ನಾಳೆಯೂ ಬರಬಹುದಿತ್ತು. ನಮ್ಮ ಒಡತಿಯ ತಾಯಿಗೆ ವೆರ್ಡಿಯ ಆ ತುಣುಕು ಬಾಯಿಗೆ ಬಂದದ್ದು ಒಂದು ದಿನದ ಉತ್ಸವದಿಂದಲ್ಲ, ಮತ್ತೆ ಮತ್ತೆ ಕೇಳಿದ್ದರಿಂದ. ಕಿವಿ ಪಳಗುವುದೇ ಹಾಗೆ. ಪಾಠ ಹೇಳುವವರಿಗೆಲ್ಲ ಇದು ಗೊತ್ತು. ನಾಲ್ಕು ಲಕ್ಷ ಜನರ ನಡುವೆ ಕೂತವನಿಗೆ ಫಿರಂಗಿ ಕೇಳಿಸುತ್ತದೆ, ಓಬೊ ಕೇಳಿಸುವುದಿಲ್ಲ.

ಆ ಸಾದಾ ಸಂಜೆಗಳನ್ನು ಮರಳಿ ತಂದದ್ದು ಬೇರೊಂದು ಆರ್ಕೆಸ್ಟ್ರಾ. 2001ರಲ್ಲಿ ಚಾರ್ಲ್ಸ್ ಆನ್ಸ್‌ಬಾಕರ್ ಕಟ್ಟಿದ ಬಾಸ್ಟನ್ ಲ್ಯಾಂಡ್‌ಮಾರ್ಕ್ಸ್ ಆರ್ಕೆಸ್ಟ್ರಾ. ಆನ್ಸ್‌ಬಾಕರ್ ಅದಕ್ಕೆ ಮೊದಲು ಕೊಲೊರಾಡೊ ಸ್ಪ್ರಿಂಗ್ಸ್ ಸಿಂಫನಿಯನ್ನು ಸುಮಾರು ಎರಡು ದಶಕ ನಡೆಸಿದವರು. ಯುದ್ಧದಲ್ಲಿ ಜರ್ಜರಿತವಾದ ಸರಯೇವೊ ನಗರದ ಆರ್ಕೆಸ್ಟ್ರಾವನ್ನೂ ನಿರ್ದೇಶಿಸಿದವರು. ಊರಿನ ಚಾರಿತ್ರಿಕ ಸ್ಥಳಗಳಲ್ಲಿ, ಚೌಕಗಳಲ್ಲಿ, ಬಡಾವಣೆಗಳಲ್ಲಿ ಕಾಸಿಲ್ಲದೆ ಕಚೇರಿ ಮಾಡಬೇಕು ಎಂಬುದು ಅವರ ಸಂಕಲ್ಪ. ಆಮೇಲೆ ಹ್ಯಾಚ್ ಶೆಲ್ ಅವರ ಬೇಸಿಗೆಯ ಮನೆಯಾಯಿತು. ಅವರು 2010ರಲ್ಲಿ ತೀರಿಕೊಂಡರು. ಮರುವರ್ಷ ಕ್ರಿಸ್ಟೋಫರ್ ವಿಲ್ಕಿನ್ಸ್ ಹೊಣೆ ಹೊತ್ತರು. ಈ ವಾದಕರು ದೊಡ್ಡ ಸಂಬಳದ ಸಿಂಫನಿಯವರಲ್ಲ. ವರ್ಷವಿಡೀ ಅಲ್ಲೊಂದು ಇಲ್ಲೊಂದು ಕಾರ್ಯಕ್ರಮ, ನಡುವೆ ನನ್ನ ಹಾಗೆ ಪಾಠ ಹೇಳಿ ಬದುಕುವವರು ಅವರಲ್ಲಿ ಬಹಳ. ಆದರೂ ನುಡಿಸಿದ್ದಕ್ಕೆ ಕೂಲಿ ಉಂಟು. ಫೀಡ್ಲರ್ ಕಲಿಸಿದ ಆ ಪಾಠ ಇಲ್ಲಿ ಉಳಿದಿದೆ. ಹಣ ಬರುವುದು ದಾನಿಗಳಿಂದ, ಪ್ರತಿಷ್ಠಾನಗಳಿಂದ. ಕಚೇರಿಯಲ್ಲಿ ಬಕೆಟ್ಟು ಹಿಡಿದು ಬಂದವರ ಕೈಗೆ ನಾವು ಹಾಕುವ ಐದು ಹತ್ತು ಡಾಲರಿನಿಂದಲೂ.

ಅಲ್ಲಿ ನನ್ನನ್ನು ಬಹಳ ಹಿಡಿದದ್ದು ವೇದಿಕೆಯ ಬದಿಯಲ್ಲಿ ನಿಲ್ಲುವ ಸನ್ನೆ ಭಾಷೆಯವರು. ಕಿವಿ ಕೇಳದವರಿಗಾಗಿ ಅವರು ಮಾತನ್ನು ಮಾತ್ರ ಸನ್ನೆಗೆ ತಿರುಗಿಸುವುದಿಲ್ಲ. ಹಾಡಿನ ಏರಿಳಿತ, ಲಯ, ಚೆಲ್ಲೊ ಗುಂಪಿನಿಂದ ಕೊಳಲಿಗೆ ಹಾರುವ ಸ್ವರಗಳು, ಎಲ್ಲವನ್ನೂ ಕೈಯಲ್ಲಿ, ಭುಜದಲ್ಲಿ, ಮುಖದಲ್ಲಿ ತೋರಿಸುತ್ತಾರೆ. ಹತ್ತಿರದಲ್ಲೇ ಕೂತಿದ್ದ ಕಿವುಡ ಹುಡುಗಿಯೊಬ್ಬಳು ಒಂದು ಕೈಯನ್ನು ನೆಲಕ್ಕೊತ್ತಿ ನಗಾರಿಯ ಕಂಪನ ಹಿಡಿಯುತ್ತ, ಕಣ್ಣನ್ನು ಆ ಕೈಗಳ ಮೇಲಿಟ್ಟು ಕೂತದ್ದನ್ನು ಕಂಡಿದ್ದೇನೆ. ಹಿಗಿನ್ಸನ್ ತೆರೆದ ಬಾಗಿಲನ್ನು ಫೀಡ್ಲರ್ ತೆಗೆದೇಹಾಕಿದರು. ಆ ಹುಡುಗಿಗೆ ಅಷ್ಟೇ ಸಾಲುತ್ತಿರಲಿಲ್ಲ. ಉಳಿದ ಕೆಲಸವನ್ನು ಇವರು ಮಾಡುತ್ತಿದ್ದಾರೆ.

ಬಾಸ್ಟನ್ ಸುತ್ತಮುತ್ತ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಬೇಸಿಗೆಗೆಂದು ಬರುತ್ತೀರಿ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ದಿನ ನೂಕುವುದು ಕಷ್ಟವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಈ ಆರ್ಕೆಸ್ಟ್ರಾ ಹ್ಯಾಚ್ ಶೆಲ್‌ನಲ್ಲಿ ನುಡಿಸುವುದು ಸಾಮಾನ್ಯವಾಗಿ ಬುಧವಾರ ಸಂಜೆ. ಆರ್ಲಿಂಗ್‌ಟನ್ ನಿಲ್ದಾಣದಲ್ಲಿ ರೈಲಿಳಿದು, ಅದೇ ಹೆಸರಿನ ಬೀದಿಯಲ್ಲಿ ನೇರ ನಡೆದು, ಫೀಡ್ಲರ್ ಸೇತುವೆ ದಾಟಿದರೆ ಹುಲ್ಲು ಸಿಗುತ್ತದೆ. ಟಿಕೆಟ್ ಇಲ್ಲ, ಇಂಥದೇ ಉಡುಪು ಬೇಕೆಂಬುದಿಲ್ಲ, ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಕೂರಲು ಜಮಖಾನ ಇರಲಿ. ಕತ್ತಲಾದ ಮೇಲೆ ನದಿಯ ಗಾಳಿ ತಣ್ಣಗಿರುತ್ತದೆ, ಒಂದು ಸ್ವೆಟರೂ ಇರಲಿ. ಬಕೆಟ್ಟು ಬಂದಾಗ ಕೈಲಾದಷ್ಟು ಹಾಕಿ.